ನಮ್ಮ ಮನೆಯ ಎರಡು ಚಂದ್ರಿಕೆ

ಪೆಟ್ಟಿಗೆಯ ಅಂಟುಪಟ್ಟಿ ಕತ್ತರಿಸಿದ ಕೂಡಲೇ ಮೂಗಿಗೆ ಬಡಿದದ್ದು ವಾರ್ನಿಷ್ ವಾಸನೆ. ಅದರ ಹಿಂದಿನಿಂದ, ದೊಡ್ಡವರ ಸೆರಗಿನ ಮರೆಯಿಂದ ಇಣುಕುವ ಮಗುವಿನ ಹಾಗೆ, ಮೆಲ್ಲಗೆ ಬಿದಿರಿನ ವಾಸನೆ ಬಂತು. ನಾನು ಕತ್ತರಿ ಕೆಳಗಿಟ್ಟು ಪೆಟ್ಟಿಗೆಯೊಳಗೆ ಮುಖವನ್ನೇ ಹಾಕಿದೆ. ಮಡಕಶಿರಾದಲ್ಲಿ ನಾವು ಹೊಸದಾಗಿ ಕಟ್ಟಿಸಿದ ಮನೆಯ ಹಾಲಿನ ಗೋಡೆ ಬೋಳುಬೋಳಾಗಿದೆ ಎಂದು ಮಗಳು ಫೋನಿನಲ್ಲಿ ಹುಡುಕಿ ತರಿಸಿದ ಅಲಂಕಾರದ ವಸ್ತು ಅದು. ಮೇಲೆ 'ಬ್ಯಾಂಬೂ ಸ್ಪೈರಲ್ ವಾಲ್ ಆರ್ಟ್' ಎಂದು ಅಚ್ಚಾಗಿತ್ತು. ಹೊರಗೆ ತೆಗೆದರೆ ಕಿಟಕಿಯಷ್ಟು ಅಗಲದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಜಿಲೇಬಿ ಹುಯ್ದಂತೆ ಸುತ್ತಿ ಸುತ್ತಿ ಹೆಣೆದ ಸುರುಳಿ. ಸುರುಳಿಯ ಸಂದಿಯಲ್ಲಿ ಸಾಲಾಗಿ ಪುಟ್ಟ ಬಲ್ಬುಗಳು. ನನಗೆ ನಗು ತಡೆಯಲಾಗಲಿಲ್ಲ. ಬಲ್ಬು ಕೂತಿದ್ದ ಜಾಗದಲ್ಲಿ ನಮ್ಮ ಕಾಲಕ್ಕೆ ರೇಷ್ಮೆಹುಳ ಕೂರುತ್ತಿದ್ದವು! "ಅಯ್ಯೋ, ಇಂಥವು ನಮ್ಮನೆ ಅಟ್ಟದ ತುಂಬ ಇದ್ವು ಕಣೇ," ಎಂದೆ. ಮಗಳ ಕಣ್ಣು ಅರಳಿತು. "ಹೌದಾ ಅಮ್ಮ? ಏನಂತಿದ್ರಿ ಇದಕ್ಕೆ?" ಎಂದು ಕೇಳಿದಳು. ಬಾಯಿ ತೆರೆದೆ. ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಮರೆತು ಹೋಗಿ ಅಲ್ಲ. ಆ ಹೆಸರನ್ನು ನಮ್ಮ ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಕಾಲ ಹೋದಂತೆ ಎಲ್ಲರ ಮನೆಯಿಂದಲೂ ಒಂದಲ್ಲ ಒಂದು ಮಾತು ತಾನಾಗಿ ಕಳೆದುಹೋಗುತ್ತದೆ, ನಿಮ್ಮ ಮನೆಯಿಂದಲೂ ಹೋಗಿರುತ್ತದೆ. ನಾವು ಮಾತ್ರ ಒಂದು ಮಾತನ್ನು ಬೇಕೆಂದೇ, ಎಲ್ಲರೂ ಒಪ್ಪಿ, ಬಾಗಿಲವರೆಗೂ ಬಂದು ಬೀಳ್ಕೊಟ್ಟಿದ್ದೆವು.

ಅಗಳಿಯಿಂದ ಸ್ವಲ್ಪ ಒಳಗೆ, ಬಸ್ಸು ಹೋಗುವ ದಾರಿಯಿಂದ ಕೂಗಳತೆಯ ದೂರದಲ್ಲಿ ನಮ್ಮ ಮನೆ ಇತ್ತು. ಮಣ್ಣಿನ ಗೋಡೆ, ನಾಡಹೆಂಚು, ಅಂಗಳದಲ್ಲಿ ದೊಡ್ಡ ಹೊಂಗೆಮರ. ಅಜ್ಜಿ ಆ ಮನೆಯ ಯಜಮಾನಿ. ಅವಳ ಕೈಕೆಳಗೆ ನನ್ನ ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಎರಡು ಎಮ್ಮೆ ಮತ್ತು ಲೆಕ್ಕವಿಲ್ಲದಷ್ಟು ರೇಷ್ಮೆಹುಳ. ಒಳಗಿನ ಸಾಮಾನಿಗೆಲ್ಲ ಅಜ್ಜಿ ಒಂದೊಂದು ಜಾಗ ಗೊತ್ತುಮಾಡಿದ್ದಳು. ನಡುಮನೆಯಲ್ಲಿ ಅಜ್ಜನ ಕಾಲದ ಹುರಿ ಮಂಚ. ಅದರ ತಲೆದೆಸೆಗೆ ರಾಗಿ ತುಂಬಿದ ಆಳೆತ್ತರದ ಮಣ್ಣಿನ ವಾಡೆ. ತೊಲೆಯಿಂದ ಇಳಿಬಿದ್ದ ನೆಲುವಿನಲ್ಲಿ ಬೆಣ್ಣೆಯ ಗಡಿಗೆ, ಬೆಕ್ಕಿಗೆ ಎಟುಕದಷ್ಟು ಎತ್ತರ, ನನಗೆ ವಾಡೆ ಹತ್ತಿದರೆ ಎಟುಕುವಷ್ಟು ಎತ್ತರ. ಅಟ್ಟದ ಮೇಲೆ ಗೋಣಿ ಮುಚ್ಚಿಕೊಂಡು ಮಲಗಿದ್ದವು ಆ ಬಿದಿರಿನ ಸುರುಳಿ ಚಾಪೆಗಳು. ಹುಳ ಹಣ್ಣಾಗಿ, ಅಂದರೆ ತಿನ್ನುವುದು ಸಾಕುಮಾಡಿ ಹೊಂಬಣ್ಣಕ್ಕೆ ತಿರುಗಿ, ನೂಲು ಬಿಡಲು ತಲೆಯೆತ್ತಿ ತೂಗಾಡತೊಡಗಿದಾಗ ಅವನ್ನು ಆರಿಸಿ ಆ ಸುರುಳಿಯ ಸಂದಿಗೆ ಬಿಡುತ್ತಿದ್ದೆವು. ಅಲ್ಲಿ ಅವು ಗೂಡು ಕಟ್ಟುತ್ತಿದ್ದವು. ಅದಕ್ಕೆ ನಮ್ಮ ಸೀಮೆಯಲ್ಲಿ ಚಂದ್ರಿಕೆ ಎಂದು ಹೆಸರು. ನೋಡಿ, ಬರೆಯುವಾಗ ಕೂಡ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಹುಳ ಚಿಕ್ಕವಾಗಿರುವಾಗ ಮನೆಯ ಮೂಲೆಯೊಂದು ಸಾಕು. ದಿನ ಕಳೆದಂತೆ ಅವು ಹಬ್ಬುತ್ತ ಹಬ್ಬುತ್ತ ಇಡೀ ಮನೆಯನ್ನೇ ಕೇಳುತ್ತವೆ. ಕೊನೆಯ ವಾರ ಬಂತೆಂದರೆ ಅಜ್ಜಿ ಸೆರಗು ಸಿಕ್ಕಿಸಿ "ಎಲ್ಲಾ ಆಚಿಕ್ಕೆ!" ಎಂದು ಕೂಗುತ್ತಿದ್ದಳು. ಆ ಒಂದು ಕೂಗಿಗೆ ನಾನು ಮೂರು ಸುತ್ತು ಕುಣಿಯುತ್ತಿದ್ದೆ. ಮಂಚ ಬಂತು, ಪೆಟ್ಟಿಗೆ ಬಂತು, ಈಳಿಗೆಮಣೆ, ಕಡಗೋಲು, ದೀಪದ ಕಂಬ, ಕೊನೆಗೆ ದೇವರ ಪಟ ಸಹ ಹೊಂಗೆಮರದ ಬೊಡ್ಡೆಯ ಮೊಳೆಗೆ ಬಂದು ತೂಗಿತು. ಮನೆಯನ್ನೇ ಅಂಗಿಯ ಹಾಗೆ ಒಳಗು ಹೊರಗು ತಿರುವಿ ಹಾಕಿದಂತೆ! ಅಡುಗೆ ಬಯಲಲ್ಲಿ, ಊಟ ಬಯಲಲ್ಲಿ, ನಿದ್ದೆ ಬಯಲಲ್ಲಿ. ಹೊಂಗೆಹೂವು ಸಾರಿಗೆ ಬಿದ್ದರೆ ಅಮ್ಮ ಬೆರಳಲ್ಲಿ ತೆಗೆದೆಸೆದು ಬಡಿಸುತ್ತಿದ್ದಳು. ಒಳಗೆ, ನಾವು ಬಿಟ್ಟುಕೊಟ್ಟ ನಡುಮನೆಯಲ್ಲಿ, ತಟ್ಟೆ ತಟ್ಟೆ ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ. ನಮ್ಮ ಕಡೆ ಮಳೆಯ ಸದ್ದನ್ನು ಮೋಡಕ್ಕಿಂತ ಹುಳದ ಬಾಯಲ್ಲಿ ಕೇಳಿದ್ದೇ ಹೆಚ್ಚು.

ಅಂಥ ಮನೆಗೆ ರಾಯದುರ್ಗದಿಂದ ಸೊಸೆ ಬಂದಳು. ಬೆಳುಗುಪ್ಪಕ್ಕೆ ಕೊಟ್ಟಿದ್ದ ನಮ್ಮ ಸೋದರತ್ತೆ ಚಿಕ್ಕಪ್ಪನಿಗೆ ಈ ಸಂಬಂಧ ಹುಡುಕಿದ್ದು. ಲಗ್ನಪತ್ರಿಕೆ ಮನೆಗೆ ಬಂದ ದಿನ ಅಪ್ಪ ಗಟ್ಟಿಯಾಗಿ ಓದುತ್ತ ಹೋದವನು ಹುಡುಗಿಯ ಹೆಸರಿನ ಹತ್ತಿರ ಫಕ್ಕನೆ ನಕ್ಕ. ಚಿರಂಜೀವಿ ಸೌಭಾಗ್ಯವತಿ ಚಂದ್ರಿಕಾ! "ಅಟ್ಟದ ಮ್ಯಾಲೆ ಅಷ್ಟೊಂದು ಬಿದ್ದವೆ, ಇನ್ನೊಂದ ತತ್ತೀಯೇನ್ಲಾ?" ಎಂದು ತಮ್ಮನನ್ನು ರೇಗಿಸಿದ. ಅಜ್ಜಿಯೂ ನಕ್ಕಳು, ಅಮ್ಮನೂ ನಕ್ಕಳು. ನಾನಂತೂ ಊರೆಲ್ಲ ಸಾರಿಕೊಂಡು ಬಂದೆ. ಆದರೆ ನಮ್ಮಲ್ಲಿ ಯಾರೊಬ್ಬರಿಗೂ ಹೊಳೆಯದ ಒಂದು ವಿಷಯ ಇತ್ತು. ರಾಯದುರ್ಗದ ಕಡೆ ರೇಷ್ಮೆ ಇಲ್ಲ. ಹೊಲ ಉಂಟು, ಕಣೇಕಲ್ಲಿನ ಕಡೆ ಹೋದರೆ ಕೆರೆ, ಕಾಲುವೆ, ಭತ್ತ ಉಂಟು, ಊರೊಳಗೆ ಮನೆಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನಿನ ಸದ್ದುಂಟು. ಬಿದಿರಿನ ಚಂದ್ರಿಕೆ ಎಂಬ ವಸ್ತು ಈ ಲೋಕದಲ್ಲಿದೆ ಎಂಬುದೇ ಆ ಹುಡುಗಿಗೆ ಗೊತ್ತಿರಲಿಲ್ಲ. ಅವಳ ಪಾಲಿಗೆ ಚಂದ್ರಿಕೆ ಎಂದರೆ ಒಬ್ಬಳೇ, ತಾನು.

ಚಿಕ್ಕಮ್ಮನ ಜೊತೆಗೆ ಒಂದು ಟೆಂಪೋ ತುಂಬ ಸಾಮಾನು ಬಂತು. ತಲೆದೆಸೆಯ ಹಲಗೆಯಲ್ಲಿ ಎರಡು ನವಿಲು ಕೆತ್ತಿದ ಮಂಚ. ಆಳೆತ್ತರದ ಕನ್ನಡಿಯ ಬೀರು; ನಮ್ಮ ಊರಿಗೇ ಅದು ಮೊದಲನೆಯ ದೊಡ್ಡ ಕನ್ನಡಿ, ಅದರ ಮುಂದೆ ನಿಂತಾಗಲೇ ನನ್ನ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆಂದು ನನಗೆ ತಿಳಿದದ್ದು. ಎಲ್ಲಕ್ಕಿಂತ ನನಗೆ ಹುಚ್ಚು ಹಿಡಿಸಿದ್ದು ಅವಳು ಕಂಕುಳಲ್ಲಿ ಹಿಡಿದು ತಂದ ಕೌದಿ. ಹಳೆಯ ಸೀರೆ ತುಂಡಿನ ಕೌದಿ ಎಲ್ಲರ ಮನೆಯಲ್ಲೂ ಇತ್ತು. ಇವಳದು ಜೀನ್ಸ್ ಚಿಂದಿಯದು! ಕಡುನೀಲಿ, ತಿಳಿನೀಲಿ, ಕಪ್ಪುನೀಲಿ ಚೌಕ, ನಡುನಡುವೆ ಪ್ಯಾಂಟಿನ ಜೇಬು ಜೇಬಾಗಿಯೇ ಉಳಿದಿತ್ತು. ಹೊದ್ದು ಮಲಗಿ ಆ ಜೇಬಿನೊಳಗೆ ಹುರಿಗಡಲೆ ತುಂಬಿಕೊಂಡರೆ ರಾತ್ರಿ ಎಷ್ಟು ಹೊತ್ತಾದರೂ ತಿನ್ನಬಹುದು. "ಇರಲವ್ವ, ಜೇಬು ಅದಾವ ಅಂತನ ಇಟ್ಟು ಹೊಲದೀನಿ," ಎಂದಳು ಚಿಕ್ಕಮ್ಮ. ಅವತ್ತೇ ನಾನು ಅವಳ ಪಕ್ಷ ಸೇರಿದೆ. ಅವಳ ಮಾತೇ ಒಂದು ಚೆಂದ. ಎಮ್ಮೆಗೂ 'ಬರ್ರಿ', ನನಗೂ 'ಹೌದ್ರಿ'. ಮೊದಮೊದಲು ಅಜ್ಜಿ "ಅದ್ಯಾಕವ್ವ ಎಮ್ಮೆಗೂ ಮರ್ವಾದೆ ಕೊಡ್ತೀಯ, ಹಾಲು ಬಿಡಾಕಿಲ್ಲ ಅದು," ಎನ್ನುತ್ತಿದ್ದಳು.

ಅವಳು ಬಂದು ಕೆಲವೇ ದಿನಕ್ಕೆ ಹುಳಕ್ಕೆ ನಾಲ್ಕನೇ ಜ್ವರ ಬಂತು. ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ಮಂಕಾಗಿ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಅಂಥ ಜ್ವರ ನಾಲ್ಕು ಸಲ ಬಂದು ಹೋಗಬೇಕು. ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ನಿಂತು "ನಾಕ್ನೇ ಜ್ವರ ಬಂದೈತೆ, ಯಾರೂ ಗದ್ಲ ಮಾಡ್ಬ್ಯಾಡ್ರಿ," ಎಂದಳು. ಚಿಕ್ಕಮ್ಮ ಗಾಬರಿಯಾಗಿ ಅಡುಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಮೆಣಸು, ಶುಂಠಿ ಕುಟ್ಟಿ ಹಾಕಿದ ಕಷಾಯದ ಚೊಂಬು ಹಿಡಿದು ಬಂದು, "ಯಾರಿಗ್ರಿ ಜ್ವರ? ನಾಕನೇ ಸಲ ಅಂದ್ರ ಸುಮ್ನ ಕುಂತೀರಲ್ರಿ, ಡಾಕ್ಟರಿಗೆ ತೋರ್ಸಬಾರದೇನ್ರಿ?" ಎಂದು ಕೇಳಿದಳು. ಚಿಕ್ಕಪ್ಪ "ಹುಳಕ್ಕೆ ಕಣಮ್ಮಿ! ಹೋಗು, ಒಂದೊಂದ್ರ ಬಾಯ್ಗೂ ಒಂದೊಂದು ಚಮ್ಚ ಬಿಡು," ಎಂದ. ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೇ ಬಿಟ್ಟರೆ? ಸೊಪ್ಪು ತಂದವರಿಗೂ ಹೇಳಿದ್ದಾಯಿತು, ನೀರಿಗೆ ಹೋದಾಗಲೂ ಹೇಳಿದ್ದಾಯಿತು. ಚಿಕ್ಕಮ್ಮನೂ ನಕ್ಕಳು, ಆದರೆ ಅವಳ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಿತ್ತು ಅವಳ ಪಾಡು. ಆ ದಿನದಿಂದ ಅವಳು ಅರ್ಥವಾಗದ ಯಾವ ಮಾತನ್ನೂ ಯಾರಲ್ಲೂ ಕೇಳುವುದನ್ನು ಬಿಟ್ಟುಬಿಟ್ಟಳು.

ಜ್ವರ ಬಿಟ್ಟ ಹುಳ ಬಕಾಸುರನಂತೆ ಮೇಯತೊಡಗಿದವು. ಅಜ್ಜಿ "ಎಲ್ಲಾ ಆಚಿಕ್ಕೆ!" ಎಂದು ಕೂಗಿದಳು. ಈ ಸಲದ ಸಂಭ್ರಮವೇ ಬೇರೆ, ಏಕೆಂದರೆ ಈ ಸಲ ನವಿಲಿನ ಮಂಚವೂ ಕನ್ನಡಿ ಬೀರುವೂ ಆಚೆಗೆ ಬರಬೇಕಿತ್ತು! ನಾಲ್ಕು ಜನ ಬೀರನ್ನು ಹೊತ್ತು ತಂದು ಹೊಂಗೆಮರದ ಕೆಳಗೆ ನಿಲ್ಲಿಸಿದರು. ಕನ್ನಡಿಯಲ್ಲಿ ಆಕಾಶ ಬಂತು, ಎಮ್ಮೆ ಬಂತು, ಎದುರುಮನೆ ಸಣ್ಣಮ್ಮ ಸೆಗಣಿ ತಟ್ಟುವುದೂ ಬಂತು. ನಮ್ಮ ಹುಂಜ ಕನ್ನಡಿಯೊಳಗಿನ ಹುಂಜದ ಮೇಲೆ ಯುದ್ಧ ಸಾರಿತು. ನಾನು ನವಿಲಿನ ಮಂಚದ ಮೇಲೆ ನಿಂತು ಎರಡೂ ಕಡೆಯ ಹುಂಜಕ್ಕೆ ಶಿಳ್ಳೆ ಹಾಕುತ್ತಿದ್ದೆ. ಚಿಕ್ಕಮ್ಮ ಮಾತ್ರ ತಲೆಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಅವಳ ಊರಿನಲ್ಲಿ ಯಾರದಾದರೂ ಸಾಮಾನು ತಂದು ಅಂಗಳದಲ್ಲಿ ಇಟ್ಟರೆಂದರೆ ಅದಕ್ಕಿರುವುದು ಒಂದೇ ಅರ್ಥ, ಮನೆ ಬಿಟ್ಟು ನಡೆ ಎಂದು. ನಮ್ಮ ಹಳೆಯ ಸಾಮಾನೂ ಆಚೆಗೆ ಬಂದಿತ್ತು, ನಿಜ. ಆದರೆ ಅವಳ ಕಣ್ಣಿಗೆ ಕಂಡದ್ದು ತನ್ನ ಮಂಚ, ತನ್ನ ಬೀರು.

ಎರಡು ಮೂರು ದಿನದ ಮೇಲೆ, ಮಧ್ಯಾಹ್ನದ ಹೊತ್ತು, ಎದುರುಮನೆ ಸಣ್ಣಮ್ಮ ಬಂದಳು. ಅವಳ ಹುಳ ನಮ್ಮದಕ್ಕಿಂತ ಮುಂಚೆಯೇ ಹಣ್ಣಾಗಿದ್ದವು. ಯಾರ ಹುಳ ಮುಂಚೆ ಹಣ್ಣಾದರೆ ಅವರಿಗೆ ಉಳಿದವರು ಚಂದ್ರಿಕೆ ಎರವಲು ಕೊಡುವುದು ನಮ್ಮ ಕೇರಿಯ ಪದ್ಧತಿ. ನಾನು ಮಂಚದ ಮೇಲೆ ಕೂತು ಹುಣಿಸೆಹಣ್ಣು ಚೀಪುತ್ತಿದ್ದೆ. ಗೋಡೆಯ ಆಚೆಗೆ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು. ಆಮೇಲೆ ನಾವೆಲ್ಲ ನೂರು ಸಲ ಆಡಿ ತೋರಿಸಿದ್ದರಿಂದ ಆ ಮಾತುಕತೆ ನನಗೆ ಇವತ್ತಿಗೂ ಬಾಯಿಪಾಠ.

"ಅಕ್ಕಾ, ನಿಮ್ಮ ಚಂದ್ರಿಕೆನ ಒಂದ್ನಾಕು ದಿನ ನಮ್ಮನೆಗೆ ಕಳ್ಸಕ್ಕ."

"ಅದುಕ್ಕೇನವ್ವ, ತಗಂಡೋಗು. ಆದ್ರೆ ಮದ್ಲೇ ಹೇಳ್ತೀನಿ, ಮ್ಯಾಲೆ ನೋಡಾಕಷ್ಟೇ ಚೆಂದ. ಬೆನ್ನು ಮುರ್ದೈತೆ, ಒಂದ್ಕಡೀಕೆ ವಾಲ್ತದೆ. ಗ್ವಾಡೆಗೆ ಒರಗ್ಸಿ ನಿಲ್ಸು."

"ವಾಸ್ನೆ ಗೀಸ್ನೆ ಐತಾ?"

"ಉಚ್ಚೆ ವಾಸ್ನೆ ಐತೆ, ಸುಳ್ಳ್ಯಾಕೆ ಹೇಳ್ಲಿ. ಬಿಸ್ಲಿಗೆ ನಿಲ್ಸಿ ನಾಕು ಬಾರ್ಸು, ಸರಿಹೋಗ್ತೈತೆ."

"ಮತ್ತೆ ನಿಮ್ಗೆ ಬ್ಯಾಡ್ವಾ?"

"ನಮ್ಗ್ಯಾಕೆ? ಹಿಂದೂಪುರ್ದಿಂದ ಹೊಸಾದು ತತ್ತೀನಿ ಅಂತವ್ನೆ ನನ್ ಕಿರೇಮಗ."

ಹುಳ ಗೂಡು ಕಟ್ಟುವ ಮುಂಚೆ ಮೈಯ ನೀರನ್ನೆಲ್ಲ ಬಿಡುತ್ತದೆ, ಅದರ ವಾಸನೆ ಬಿದಿರಿಗೆ ಹಿಡಿಯುತ್ತದೆ. ಇದು ಗೊತ್ತಿದ್ದವರಿಗೆ ಮೇಲಿನ ಮಾತಿನಲ್ಲಿ ನಗುವಂಥದ್ದೂ ಇಲ್ಲ, ಅಳುವಂಥದ್ದೂ ಇಲ್ಲ. ಗೋಡೆಯಾಚೆ ಕೂತ ಚಂದ್ರಿಕೆಗೆ? 'ಅದು' ಎಂಬ ಮಾತಾದರೂ ಅವಳಿಗೆ ಅನುಮಾನ ತರಬೇಕಿತ್ತು ಎನ್ನುತ್ತೀರಿ. ಆದರೆ ತೆಲುಗು ಬೆರೆತ ನಾಡು ನಮ್ಮದು. ತೆಲುಗಿನಲ್ಲಿ ಹೆಂಗಸರಿಗೂ ದನಕ್ಕೂ ಗೋಡೆಗೂ ಒಂದೇ 'ಅದಿ'. ನಮ್ಮ ಕನ್ನಡದಲ್ಲೂ ಮನೆಯ ಹುಡುಗಿಯರು 'ಬಂತು', 'ಹೋಯ್ತು'. ಹೀಗೆ ಆ ಅನುಮಾನದ ದಾರಿಯೂ ಮುಚ್ಚಿತ್ತು. ಕೇಳಿ ತಿಳಿದುಕೊಳ್ಳೋಣವೆಂದರೆ ಕಷಾಯದ ಚೊಂಬಿನ ನಗು ಇನ್ನೂ ಆರಿರಲಿಲ್ಲ.

ಸಣ್ಣಮ್ಮ ಹೋದಳು, ಅಜ್ಜಿ ಒಳಗೆ ಹುಳಕ್ಕೆ ಸೊಪ್ಪು ಹಾಕಲು ಹೋದಳು. ಚಿಕ್ಕಮ್ಮ ಹಿತ್ತಿಲಿಂದ ಬಂದು ಬೀರು ತೆಗೆದು ಒಂದು ಚೀಲಕ್ಕೆ ಸೀರೆ ತುಂಬಿಕೊಂಡಳು, ಕೌದಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಮುಖ ನೋಡಿ ನನ್ನ ಬಾಯಲ್ಲಿದ್ದ ಹುಣಿಸೆಹಣ್ಣು ಹಾಗೇ ಉಳಿಯಿತು. "ಎಲ್ಲಿಗೆ ಚಿಕ್ಕಮ್ಮ?" ಎಂದೆ. "ನಮ್ಮೂರಿಗವ್ವ. ನಾಕು ದಿನ ಅವರ ಮನಿ, ನಾಕು ದಿನ ಇವರ ಮನಿ ಇರಾಕ ನಾನೇನು ಕೊಡಪಾನ ಅಲ್ಲ. ನಿಮ್ಮಜ್ಜಿಗೆ ಹೇಳು, ಹಿಂದೂಪುರದಿಂದ ಹೊಸಾಕಿ ಬಂದ ಮ್ಯಾಲ ಈ ಬೀರೂನೂ ಆಕಿಗೇ ಕೊಡ್ರಿ ಅಂತ," ಎಂದು ಹೇಳಿ, ಕಣ್ಣೊರೆಸಿಕೊಂಡು, ಬಸ್ಸಿನ ದಾರಿ ಹಿಡಿದಳು.

ನಾನು ಒಳಗೆ ಓಡಿ ಆ ಮಾತನ್ನು ಹಾಗೆಹಾಗೇ ಅಜ್ಜಿಯ ಮುಂದೆ ಒಪ್ಪಿಸಿದೆ. ಅಜ್ಜಿಗೆ ಮೊದಲು ತಲೆಬುಡ ತಿಳಿಯಲಿಲ್ಲ. "ಹೊಸಾಕಿ? ಯಾವ ಹೊಸಾಕಿ?" ಎಂದು ಸೊಪ್ಪು ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ಸೊಪ್ಪು ಕೈಯಿಂದ ಜಾರಿ ಬಿತ್ತು. "ಅಯ್ಯಯ್ಯೋ, ನನ್ ನಾಲ್ಗೆಗೆ ಬೆಂಕಿ ಬೀಳ! ಬೆನ್ನು ಮುರ್ದೈತೆ ಅಂದ್ನಲ್ಲೋ! ಬಾರ್ಸು ಅಂದ್ನಲ್ಲೋ!" ಎಂದು ಬಾಯಿ ಬಾಯಿ ಬಡಿದುಕೊಂಡಳು. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಆಗ ತಾನೇ ಬಂದಿದ್ದ ಚಿಕ್ಕಪ್ಪ ವಿಷಯ ಕೇಳಿ ಹೊರೆ ಇಳಿಸದೆಯೇ ಬಸ್ಸಿನ ಕಡೆ ತಿರುಗಿದ. ಅಜ್ಜಿ ಅವನ ತೋಳು ಹಿಡಿದು ನಿಲ್ಲಿಸಿದಳು. "ಬರಿಗೈಲಿ ಹೋಗ್ಬ್ಯಾಡ. ಜ್ವರದ ದಿನ ಅಷ್ಟು ನಕ್ಕಿದ್ದೀವಿ, ಇನ್ನು ಬಾಯ್ಮಾತ್ನ ನಂಬ್ತದಾ ಅದು? ವಸ್ತುನೇ ಹೊತ್ಕಂಡೋಗಿ ತೋರ್ಸು!"

ಬೆನ್ನು ಮುರಿದ ಚಂದ್ರಿಕೆಯನ್ನು ಅಟ್ಟದಿಂದ ದಡದಡ ಇಳಿಸಿದ್ದಾಯಿತು. ಮುಂದೆ ಚಿಕ್ಕಪ್ಪ, ಹಿಂದೆ ನಾನು, ನಮ್ಮಿಬ್ಬರ ತಲೆಯ ಮೇಲೆ ಬಾಗಿಲಷ್ಟಗಲದ ಬಿದಿರು. ನನಗೆ ಕಾಣುತ್ತಿದ್ದದ್ದು ಅವನ ಹಿಮ್ಮಡಿ ಮತ್ತು ಏಳುತ್ತಿದ್ದ ಧೂಳು ಮಾತ್ರ. ಬಯಲಿಗೆ ಬಂದ ಕೂಡಲೇ ಗಾಳಿ ಚಂದ್ರಿಕೆಯ ಹೊಟ್ಟೆಗೆ ನುಗ್ಗಿ ನಮ್ಮನ್ನು ರಾಗಿ ಹೊಲಕ್ಕೆ ನೂಕಿತು. "ಬಿಗಿಯಾಗಿ ಇಡ್ಕಳೇ!" ಎಂದು ಚಿಕ್ಕಪ್ಪ. "ಬಸ್ಸು ಬಂತು ಚಿಕ್ಕಪ್ಪಾ, ಹಾರನ್ನು!" ಎಂದು ನಾನು. ನನಗೆ ಅಳು ಬರುತ್ತಿತ್ತು, ಆದರೂ ಸುಳ್ಳೇಕೆ ಹೇಳಲಿ, ಅಷ್ಟು ಮಜಾ ನನಗೆ ಆವರೆಗೆ ಯಾವ ಹಬ್ಬದಲ್ಲೂ ಬಂದಿರಲಿಲ್ಲ. ಹಿಂದೆ ಅಜ್ಜಿ ಬರಿಗಾಲಲ್ಲಿ ಓಡಿ ಬರುತ್ತಿದ್ದಳು, ಅವಳ ಹಿಂದೆ ಸಣ್ಣಮ್ಮ, ಸಣ್ಣಮ್ಮನ ಹಿಂದೆ ಏನೆಂದು ತಿಳಿಯದೆ ಅರ್ಧ ಕೇರಿ.

ನಾವು ಮುಟ್ಟುವಾಗ ಬಸ್ಸು ನಿಂತಿತ್ತು. ಚಿಕ್ಕಮ್ಮನ ಒಂದು ಕಾಲು ಮೆಟ್ಟಿಲ ಮೇಲೆ. "ಚಂದ್ರಿಕೇ!" ಎಂದು ಚಿಕ್ಕಪ್ಪ ಕಿರುಚಿದ. ಅವಳ ಹೆಸರು ಹಿಡಿದು ಅವನು ಕೂಗಿದ್ದು ಅದೇ ಮೊದಲು. ಅವಳು ತಿರುಗಿದಳು. ಅವಳ ಎದುರಿಗೆ ಒಂದು ಬಿದಿರಿನ ಗೋಡೆಯೇ ಏದುಸಿರು ಬಿಡುತ್ತ ನಿಂತಿತ್ತು. ಕಂಡಕ್ಟರು ತಲೆ ಹೊರಗೆ ಹಾಕಿ, "ಏಮಯ್ಯಾ, ದಾನ್ನೆಕ್ಕಡ ಪೆಡ್ತಾವು?" ಎಂದು, ಅದನ್ನೆಲ್ಲಿ ಹಾಕುವುದೆಂಬ ಚಿಂತೆಯಲ್ಲಿ ಕೇಳಿದ. ಚಿಕ್ಕಪ್ಪ ಚಂದ್ರಿಕೆಯನ್ನು ಇಳಿಸಿ ನೆಟ್ಟಗೆ ನಿಲ್ಲಿಸಿದ. "ಇದು... ಇದು ಚಂದ್ರಿಕೆ. ಸಣ್ಣಮ್ಮ ಕೇಳಿದ್ದು ಇದುನ್ನ. ನಿನ್ನಲ್ಲ."

ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆ. ಚಿಕ್ಕಮ್ಮ ಮೆಟ್ಟಿಲ ಮೇಲಿಟ್ಟ ಕಾಲನ್ನು ತೆಗೆಯಲೂ ಇಲ್ಲ, ಇನ್ನೊಂದನ್ನು ಎತ್ತಲೂ ಇಲ್ಲ. ಅವಳು ಹತ್ತಿಬಿಟ್ಟರೆ ನವಿಲಿನ ಮಂಚವೂ ಕನ್ನಡಿಯೂ ಜೇಬಿನ ಕೌದಿಯೂ ಹೋದಂತೆ ಎಂದು ನನಗೆ ಗೊತ್ತಿತ್ತು. ಅವಳೇ ಹೋದಂತೆ ಎಂಬುದು ಆಮೇಲೆ ಹೊಳೆದು, ನಾನು ಜೋರಾಗಿ ಅತ್ತುಬಿಟ್ಟೆ. ಅವಳು ಕೈ ಚಾಚಿ ಸುರುಳಿಯನ್ನು ಮುಟ್ಟಿ ನೋಡಿದಳು. "ಬೆನ್ನು ಮುರಿದೈತಿ ಅಂದ್ರಲ್ರಿ?" ಚಿಕ್ಕಪ್ಪ ಚಾಪೆ ತಿರುಗಿಸಿ ಸೀಳಿದ ದಬ್ಬೆ ತೋರಿಸಿದ. ಅವಳು ಬಗ್ಗಿ ಮೂಸಿ ನೋಡಿದಳು. ಮೂಗು ಮುಚ್ಚಿಕೊಂಡಳು. ಮೊದಲು ಭುಜ ಕುಲುಕಿತು, ಅಳುತ್ತಿದ್ದಾಳೆ ಎಂದುಕೊಂಡೆವು. ಕೈ ತೆಗೆದಾಗ ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿರುವ ಹಾಗೇ ನಗುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಬಂದು ಮುಟ್ಟಿದಳು. ತಪ್ಪಾಯಿತು ಎಂದು ಸೊಸೆಯ ಮುಂದೆ ಹೇಳುವ ಜಾಯಮಾನ ಅವಳದಲ್ಲ. ಏದುಸಿರಿನ ನಡುವೆ ಅವಳ ಕೈಯ ಚೀಲ ಕಸಿದುಕೊಂಡು, "ಹೊಸಾದು ಬ್ಯಾಡ ಕಣವ್ವ ನಂಗೆ. ಇದೇ ಸಾಕು, ನಡಿ," ಎಂದಳು. ಎಲ್ಲರಿಗೂ ಅರ್ಥವಾಯಿತು, ಯಾವುದು ಎಂದು ಯಾರೂ ಕೇಳಲಿಲ್ಲ. ಬಸ್ಸು ಹೊಗೆ ಬಿಟ್ಟು ಹೊರಟುಹೋಯಿತು.

ಬರುವಾಗ ಚಂದ್ರಿಕೆಯ ಹಿಂಬದಿಯನ್ನು ನನ್ನಿಂದ ಚಿಕ್ಕಮ್ಮ ಇಸಿದುಕೊಂಡಳು. ಗಂಡ ಮುಂದೆ, ಹೆಂಡತಿ ಹಿಂದೆ, ನನ್ನ ಕೈಯಲ್ಲಿ ಕೌದಿ. ನಮ್ಮ ಮನೆಗೆ ಹೋಗಲಿಲ್ಲ, ನೇರವಾಗಿ ಸಣ್ಣಮ್ಮನ ಅಂಗಳಕ್ಕೆ ಹೋದೆವು. ಬಾಗಿಲಲ್ಲಿ ನಿಂತು ಚಿಕ್ಕಮ್ಮ, "ನಾಕು ದಿನಕ್ಕ ಕೇಳಿದ್ರಲ್ರಿ, ಎರಡೂ ಚಂದ್ರಿಕಿ ಬಂದಾವ ನೋಡ್ರಿ. ಯಾವುದು ಬೇಕು ಆರಿಸ್ಕೊಳ್ರಿ!" ಎಂದಳು. ಕೇರಿ ಮತ್ತೆ ನಕ್ಕಿತು. ಈ ಸಲದ ನಗುವಿನಲ್ಲಿ ಅವಳ ಕಿವಿ ಕೆಂಪಾಗಲಿಲ್ಲ. ಆ ಸಂಜೆ ಅಲ್ಲೇ ಅವಳೂ ನಾನೂ ಕೂತು ಸಣ್ಣಮ್ಮನ ಹಣ್ಣು ಹುಳ ಆರಿಸಿದೆವು. ಬೆಳಕಿಗೆ ಹಿಡಿದರೆ ಒಳಗೆ ದೀಪ ಇಟ್ಟ ಹಾಗೆ ಕಾಣುವ ಹುಳವನ್ನು ಮೊದಲು ಮುಟ್ಟಲು ಹೆದರಿ, ಆಮೇಲೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು, "ಎಷ್ಟು ತಣ್ಣಗೈತವ್ವ, ಹುಣಿಚಿ ಚಿಗುರು ಇದ್ದಂಗ," ಎಂದಳು. ಸುರುಳಿಯ ಸಂದಿಯಲ್ಲಿ ಬಿಟ್ಟ ಹುಳ ಆ ಕಡೆ ಈ ಕಡೆ ತಲೆ ಆಡಿಸಿ ಮೊದಲ ಎಳೆ ಹಾಕಿದಾಗ ಅವಳು ನನ್ನ ಕೈಯನ್ನು ನೋವಾಗುವಷ್ಟು ಹಿಚುಕಿದಳು. ನಾಲ್ಕು ದಿನದ ಮೇಲೆ ಸುರುಳಿಯ ತುಂಬ ಹಳದಿ ಗೂಡು. ನಮ್ಮ ಬೆನ್ನು ಮುರಿದ ಚಂದ್ರಿಕೆ ಮನೆಗೆ ಮರಳಿದಾಗ ಅವಳೇ ಅದರ ಸೀಳಿದ ದಬ್ಬೆಯನ್ನು ಜೀನ್ಸ್ ಹೊಲಿಯುವ ದಪ್ಪ ನೀಲಿ ದಾರದಲ್ಲಿ ಹೊಲಿದು ನೆಟ್ಟಗೆ ಮಾಡಿದಳು.

ಬಸ್ಸಿನ ಗಲಾಟೆಯಾದ ಮರುದಿನ ಬೆಳಿಗ್ಗೆಯೇ ಅಜ್ಜಿ ಹೊಂಗೆಮರದ ಕೆಳಗೆ ಎಲ್ಲರನ್ನೂ ಕೂರಿಸಿ ಒಂದು ಕಟ್ಟಳೆ ಮಾಡಿದಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ಮ್ಯಾಕೆ ಈ ಮನೇಲಿ ಬಿದಿರಿಂದುನ್ನ ಆ ಹೆಸ್ರಿಡಿದು ಯಾರೂ ಕರೀಕೂಡ್ದು. ಅದು ಮಗೀನ ಹೆಸ್ರು. ಅದುನ್ನ ತಡಿಕೆ ಅನ್ರಿ." ಬರೀ ತಡಿಕೆ, ಬೇಲಿಗೆ ಕಟ್ಟುತ್ತಾರಲ್ಲ, ಅದು. ಹುಟ್ಟಿದಾಗಿನಿಂದ ಆಡಿದ ಮಾತನ್ನು ಬಿಡುವುದು ಸುಲಭವೇ? ಅಪ್ಪ ಹಿಂದೂಪುರಕ್ಕೆ ಹೋಗಿ "ಎರಡು ತಡಿಕೆ ಕೊಡಿ" ಎಂದು ಕೇಳಿ, ಬೇಲಿಯದನ್ನು ಕೊಡಬಂದ ಅಂಗಡಿಯವನ ಹತ್ತಿರ ಪಾಡು ಪಟ್ಟ. ಸಣ್ಣಮ್ಮ ನಮ್ಮ ಹೊಸಿಲು ದಾಟುವಾಗ ತುಟಿಯಲ್ಲೇ ಒಮ್ಮೆ ತಡಿಕೆ ತಡಿಕೆ ಎಂದು ಹೇಳಿಕೊಂಡು ಬರುತ್ತಿದ್ದಳು. ಹಾಗೂ ಯಾರದಾದರೂ ನಾಲಿಗೆ ಜಾರಿ ಚಂದ್ರಿಕೆ ಎಂದರೆ ಸಾಕು, ಚಿಕ್ಕಮ್ಮ ಕೊಟ್ಟಿಗೆಯಲ್ಲಿರಲಿ, ಹಿತ್ತಿಲಲ್ಲಿರಲಿ, ಅಲ್ಲಿಂದಲೇ ರಾಗವಾಗಿ, "ಏನ್ರೀ? ಕರದ್ರೇನ್ರೀ?" ಎನ್ನುತ್ತಿದ್ದಳು! ನನಗೆ ಅದೊಂದು ಆಟವೇ ಆಯಿತು. ವಾಡೆಯ ಹಿಂದೆ ಅಡಗಿ "ಚಂದ್ರಿಕೆ!" ಎಂದು ಕೂಗುವುದು, "ಏನ್ರೀ? ಕರದ್ರೇನ್ರೀ?" ಬಂದ ಕೂಡಲೇ ನಕ್ಕು ನಕ್ಕು ಉರುಳುವುದು. ಅಜ್ಜಿ ಕೋಲು ಹಿಡಿದು ಬರುವವರೆಗೆ ಆಟ.

ವರ್ಷ ಹೋದಂತೆ ಅವಳೇ ಅಗಳಿಯವಳಾದಳು. ನಮ್ಮೆಲ್ಲರಿಗಿಂತ ಚೆನ್ನಾಗಿ ಹುಳ ಸಾಕಿದಳು, ತನ್ನ ತವರಿನವರು ಬಂದಾಗ "ನಾಲ್ಕನೇ ಜ್ವರ ಐತ್ರಿ, ಮೆಲ್ಲಕ ಮಾತಾಡ್ರಿ," ಎಂದು ಗಂಭೀರವಾಗಿ ಹೇಳಿ, ಅವರ ಗಾಬರಿ ನೋಡಿ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದಳು. ನನ್ನ ಮದುವೆಯ ಹಿಂದಿನ ದಿನ ಜಡೆ ಹಾಕುತ್ತ ಒಂದು ಮಾತು ಹೇಳಿದಳು. "ಸೊಸಿ ಬಂದ್ರ ಮಂದಿ ಸೀರಿ ಕೊಡ್ತಾರ, ಒಡವಿ ಕೊಡ್ತಾರ. ನನಗ ನಿಮ್ಮ ಮನ್ಯಾಗ ಒಂದು ಮಾತು ಬಿಟ್ಟುಕೊಟ್ರಿ ನೋಡವ್ವ. ನಮ್ಮೂರಾಗ ಹೇಳಿದ್ರ ಯಾರೂ ನಂಬಂಗಿಲ್ಲ." ಆಗ ನನಗೆ ಅದರ ತೂಕ ತಿಳಿಯಲಿಲ್ಲ, ಮದುವೆಯ ಗಡಿಬಿಡಿ.

ಆಮೇಲೆ ಹುಳಕ್ಕೆಂದೇ ಹೊಲದಲ್ಲಿ ಬೇರೆ ಶೆಡ್ಡು ಬಂತು, ಬಿದಿರಿನ ಬದಲು ಮಡಚಿಡುವ ಪ್ಲಾಸ್ಟಿಕ್ಕಿನ ಬಲೆ ಬಂತು. ಸಾಮಾನು ಆಚೆಗೆ ತರುವ ಕಾರಣವೇ ಹೋಯಿತು. ಎಲ್ಲವೂ ಒಳಗೇ ಉಳಿದವು, ಹೊಂಗೆಮರದ ಕೆಳಗೆ ಬರೀ ನೆರಳು. ಅಜ್ಜಿ ಹೋದಳು. ಹಳೆಯ ಮನೆ ಇಳಿಸಿ ಹೊಸದು ಕಟ್ಟುವಾಗ ಅಟ್ಟದ ತಡಿಕೆಗಳು ಒಂದೊಂದಾಗಿ ನೀರೊಲೆಗೆ ಹೋದವು; ನೀಲಿ ದಾರದ್ದೂ ಅದರಲ್ಲಿ ಹೋಯಿತು. ಹೋದ ವರ್ಷ, ಹೊಂಗೆ ಹೂ ಬಿಡುವ ಕಾಲದಲ್ಲಿ, ಚಿಕ್ಕಮ್ಮನೂ ಹೋದಳು. ಬಹಳ ದಿನ ಮಲಗಲಿಲ್ಲ, ಯಾರಿಗೂ ಕಷ್ಟ ಕೊಡಲಿಲ್ಲ. ಚಿಕ್ಕಪ್ಪ ಈಗ ನನ್ನ ತಮ್ಮನ ಜೊತೆ, ಚಿಕ್ಕಮ್ಮನ ಮಗ ಅವನು, ಶೆಡ್ಡು ನೋಡಿಕೊಂಡು ಚೆನ್ನಾಗಿಯೇ ಇದ್ದಾನೆ. ಮೊನ್ನೆ ಹೋದಾಗ ಪ್ಲಾಸ್ಟಿಕ್ಕಿನ ಬಲೆ ತೋರಿಸಿ "ಈ ತಡಿಕೆ ಹಗುರ ಕಣಮ್ಮ," ಎಂದ. ಈಗ ಹಾಗೆ ಹೇಳಬೇಕಾದ ಅಗತ್ಯ ಏನೂ ಇಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು.

ಅಷ್ಟರಲ್ಲಿ ಮಗಳು ಕುರ್ಚಿ ಹತ್ತಿ ಮೊಳೆ ಹೊಡೆದು ಆ ವಸ್ತುವನ್ನು ಗೋಡೆಗೆ ತೂಗುಹಾಕಿ ಆಗಿತ್ತು. "ಹೇಳಮ್ಮ, ಏನಂತಿದ್ರಿ ಇದಕ್ಕೆ?" ಎಂದು ಮತ್ತೆ ಕೇಳಿದಳು. ಸ್ವಿಚ್ಚು ಒತ್ತಿದಳು. ಸುರುಳಿಯ ಸಂದಿಯಲ್ಲೆಲ್ಲ ಹಳದಿ ಬೆಳಕು ಹತ್ತಿತು, ಗೂಡು ಕಟ್ಟಿ ಮುಗಿಸಿದ ದಿನದ ಹಾಗೆಯೇ. ಒಮ್ಮೆಲೇ ಮತ್ತೆ ಎಂಟು ವರ್ಷದ ಹುಡುಗಿಯಾದೆ. ನಾನು ಬೇಕೆಂದೇ, ಗಟ್ಟಿಯಾಗಿ, ವಾಡೆಯ ಹಿಂದೆ ಅಡಗಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದೆ: "ಚಂದ್ರಿಕೆ!"

ಕೂಗಿ, ಕಿವಿಗೊಟ್ಟು ನಿಂತೆ. ಮಗಳು ಇನ್ನೇನೋ ಕೇಳಹೊರಟಳು, ಸುಮ್ಮನಿರು ಎಂದು ಕೈ ಮಾಡಿದೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಬೀದಿಯಲ್ಲಿ ಆಟೋ ಒಂದು ಹೋಯಿತು. ಆಮೇಲೆ ಮಗಳು ಕುರ್ಚಿಯಿಂದ ಇಳಿದು, "ಯಾರನ್ನ ಕರೀತಿದೀಯಮ್ಮ?" ಎಂದು ಕೇಳಿದಳು.